ಕಾಪರ್-ಟಿ ಮತ್ತು ಹೆಣ್ಣಿನ ಮಾತಿನ ತೂಕ

ಕರ್ನಾಟಕದಲ್ಲಿ ಕುಟುಂಬ ಯೋಜನೆಯ ಹೊಣೆಯನ್ನು ಬಹುಮಟ್ಟಿಗೆ ಹೆಣ್ಣೊಬ್ಬಳೇ ಹೊತ್ತಿದ್ದಾಳೆ, ಅದನ್ನೂ ಹೆಚ್ಚಾಗಿ ಒಂದೇ ಒಂದು ವಿಧಾನದ ಮೂಲಕ ಹೊತ್ತಿದ್ದಾಳೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ, ಜನರ ಮಾತಿನಲ್ಲಿ ಹೇಳುವುದಾದರೆ ‘ಆಪರೇಷನ್’ಗೆ, ಒಳಗಾದವರು, ಪುರುಷರ ಶಸ್ತ್ರಚಿಕಿತ್ಸೆಯ ಪಾಲು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಇವೆರಡರ ನಡುವೆ, ಶಾಶ್ವತವಲ್ಲದ, ಹಾರ್ಮೋನು ಇಲ್ಲದ, ಒಮ್ಮೆ ಅಳವಡಿಸಿದರೆ ವರ್ಷಗಟ್ಟಲೆ ಕೆಲಸ ಮಾಡುವ ಕಾಪರ್-ಟಿಯನ್ನು ಬಳಸುವವರು ನೂರರಲ್ಲಿ ಕೆಲವೇ ಮಂದಿ. ಇಡೀ ದೇಶದ ಲೆಕ್ಕದಲ್ಲಿ ಅವರ ಪಾಲು ನೂರಕ್ಕೆ ಎರಡರ ಆಸುಪಾಸಿನಲ್ಲಿದೆ. ಅಗ್ಗವೂ ಪರಿಣಾಮಕಾರಿಯೂ ಆದ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಈ ಸಾಧನವನ್ನು ಇಷ್ಟು ಕಡಿಮೆ ಮಂದಿ ಆರಿಸಿಕೊಳ್ಳಲು ಹೆಂಗಸರ ಅಜ್ಞಾನ ಮತ್ತು ಊರಿನ ಗಾಳಿಮಾತುಗಳೇ ಕಾರಣವೆಂದು ಹೇಳುವುದು ರೂಢಿಯಾಗಿದೆ. ಆದರೆ ಶಿವಮೊಗ್ಗ ಮತ್ತು ಭದ್ರಾವತಿಯಂಥ ನಗರಗಳ ಹೆಂಗಸರ ದುಡಿಮೆ, ಬಾಣಂತನ ಮತ್ತು ಆಸ್ಪತ್ರೆಯ ಒಡನಾಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ವಿವರಣೆ ಸಾಲದೆನಿಸುತ್ತದೆ. ಕೊರತೆ ಸಾಧನದಲ್ಲಿಯೂ ಇಲ್ಲ, ಹೆಣ್ಣಿನ ತಿಳಿವಳಿಕೆಯಲ್ಲಿಯೂ ಇಲ್ಲ. ಅಳವಡಿಕೆಯನ್ನು ಎಣಿಸುವ ವ್ಯವಸ್ಥೆಯು ಅಳವಡಿಕೆಯ ನಂತರ ಅವಳು ಆಡುವ ಮಾತಿಗೆ ಅಷ್ಟೇ ತೂಕ ಕೊಡದಿರುವುದರಲ್ಲಿ ಇದೆ ಎಂಬುದನ್ನು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಆರೋಗ್ಯ ಇಲಾಖೆಯ ಕನ್ನಡದಲ್ಲಿ ‘ವಂಕಿ’ ಎಂದು ಕರೆಯಲಾಗುವ ಈ ಸಾಧನವು ಟಿ ಅಕ್ಷರದ ಆಕಾರದ ಸಣ್ಣ ಪ್ಲಾಸ್ಟಿಕ್ ಚೌಕಟ್ಟು. ಅದಕ್ಕೆ ತಾಮ್ರದ ತಂತಿಯನ್ನು ಸುತ್ತಲಾಗಿರುತ್ತದೆ, ಬುಡದಲ್ಲಿ ಎರಡು ತೆಳುವಾದ ದಾರಗಳು ಇಳಿಬಿದ್ದಿರುತ್ತವೆ. ಗರ್ಭಕೋಶದೊಳಗೆ ಕುಳಿತ ತಾಮ್ರದಿಂದ ಹೊರಬೀಳುವ ಸೂಕ್ಷ್ಮ ಕಣಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸಿ ಅಂಡಾಣುವಿನೊಂದಿಗೆ ಅವು ಸೇರದಂತೆ ತಡೆಯುತ್ತವೆ. ಅಂದರೆ ಇದು ಮುಖ್ಯವಾಗಿ ಗರ್ಭ ಕಟ್ಟುವ ಮೊದಲೇ ಕೆಲಸ ಮಾಡುವ ಸಾಧನವೇ ಹೊರತು ಕಟ್ಟಿದ ಗರ್ಭವನ್ನು ಕಳೆಯುವ ಸಾಧನವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆಗಳು ದೊರೆಯುತ್ತವೆ: ಹತ್ತು ವರ್ಷಗಳವರೆಗೆ ಕೆಲಸ ಮಾಡುವ 380ಎ ಮತ್ತು ಐದು ವರ್ಷಗಳ 375. ಈ ಸಂಖ್ಯೆಗಳು ತಾಮ್ರದ ಹೊರಮೈ ಎಷ್ಟು ಚದರ ಮಿಲಿಮೀಟರ್ ಎಂಬುದನ್ನು ಹೇಳುತ್ತವೆ. ಅಳವಡಿಸಿಕೊಂಡ ಮೊದಲ ವರ್ಷದಲ್ಲಿ ನೂರು ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಗರ್ಭ ನಿಲ್ಲುತ್ತದೆ. ಎದೆಹಾಲಿನ ಮೇಲೆ ಇದರ ಪರಿಣಾಮವಿಲ್ಲ. ತೆಗೆಸಿದ ಕೂಡಲೇ ಗರ್ಭ ಧರಿಸುವ ಶಕ್ತಿ ಮರಳುತ್ತದೆ. ಹಾರ್ಮೋನುಳ್ಳ ಗುಳಿಗೆಯಾಗಲಿ, ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದಾಗಲಿ ಒಗ್ಗದವರಿಗೆ, ರಕ್ತದೊತ್ತಡ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆಯಿಂದಾಗಿ ಕೆಲವು ಹಾರ್ಮೋನುಗಳನ್ನು ತೆಗೆದುಕೊಳ್ಳಬಾರದವರಿಗೆ, ಎರಡನೆಯ ಮಗು ಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದವರಿಗೆ ಇದು ನಿಜಕ್ಕೂ ಬೆಲೆಯುಳ್ಳ ಆಯ್ಕೆ. ಹೀಗಿರುವಾಗಲೂ ಇದು ನೆಲೆಯೂರದೆ ಹೋದದ್ದೇಕೆ ಎಂಬುದಕ್ಕೆ ಉತ್ತರದ ಒಂದು ಭಾಗ ಚರಿತ್ರೆಯಲ್ಲಿದೆ.

ಗರ್ಭನಿರೋಧದ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದಿತ್ತೆಂದು ಹೇಳುವಂತಿಲ್ಲ. ಶಿವಮೊಗ್ಗವೂ ಸೇರಿದ್ದ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಅವು ಜಗತ್ತಿನಲ್ಲೇ ಮೊದಲಿನವೆಂದು ಹೆಸರಾಗಿವೆ. ಸ್ವಾತಂತ್ರ್ಯಾನಂತರ, 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಆರಂಭವಾಗುವ ಹೊತ್ತಿನಲ್ಲಿ, ‘ಸುರಕ್ಷಿತ ದಿನ’ಗಳನ್ನು ಎಣಿಸುವ ವಿಧಾನವನ್ನು ಪ್ರಯೋಗಕ್ಕೆ ಒಡ್ಡಿದ ಸ್ಥಳಗಳಲ್ಲಿ ರಾಮನಗರವೂ ಒಂದಾಗಿತ್ತು. ವಂಕಿಯ ಕಥೆ ಇದರ ನಂತರದ್ದು. ಅಮೆರಿಕದ ವೈದ್ಯ ಜ್ಯಾಕ್ ಲಿಪ್ಪೀಸ್ ರೂಪಿಸಿದ, ತಾಮ್ರವಿಲ್ಲದ, ಹಾವಿನಂತೆ ಬಳುಕಿದ ಪ್ಲಾಸ್ಟಿಕ್ ‘ಲೂಪ್’ ಅನ್ನು 1965ರಲ್ಲಿ ಭಾರತ ಸರ್ಕಾರವು ಜನಸಂಖ್ಯೆಯ ಸಮಸ್ಯೆಗೆ ದೊರೆತ ಪರಿಹಾರವೆಂದೇ ಬಗೆದು ಗುರಿ, ಶಿಬಿರ ಮತ್ತು ಪ್ರೋತ್ಸಾಹಧನಗಳ ಬಲದಿಂದ ಹರಡಿತು. 1965-66ರಲ್ಲಿ ಸುಮಾರು 8 ಲಕ್ಷ, ಮರುವರ್ಷ ಸುಮಾರು 9 ಲಕ್ಷ ಹೆಂಗಸರಿಗೆ ಅದನ್ನು ಅಳವಡಿಸಲಾಯಿತು. ಆದರೆ 1968-69ರ ಹೊತ್ತಿಗೆ ಆ ಸಂಖ್ಯೆ 5 ಲಕ್ಷಕ್ಕಿಂತ ಕೆಳಗಿಳಿಯಿತು. ಲೂಪ್ ಧರಿಸಿದವರಿಗೆ ರಕ್ತಸ್ರಾವ ಹೆಚ್ಚಾಯಿತು, ನೋವಾಯಿತು, ಕೆಲವರಲ್ಲಿ ಅದು ತಾನಾಗಿ ಹೊರಬಿತ್ತು. ಹೀಗಾಗಬಹುದೆಂದು ಅವರಿಗೆ ಮೊದಲೇ ಹೇಳಿದವರು ಕಡಿಮೆ, ಹೀಗಾದ ಮೇಲೆ ನೋಡಿಕೊಂಡವರು ಇನ್ನೂ ಕಡಿಮೆ. ಅಳವಡಿಸಿದ ತಂಡ ಮುಂದಿನ ಊರಿಗೆ ಹೋದಾಗ ಉಳಿದದ್ದು ಹೆಣ್ಣಿನ ಒಡಲಿನ ಸಂಕಟ ಮತ್ತು ಅದನ್ನು ಕಂಡ ನೆರೆಹೊರೆಯವರ ಅನುಭವ. ಇಂದು ಗಾಳಿಮಾತೆಂದು ತಳ್ಳಿಹಾಕುವ ಭಯಗಳ ಬೇರು ಈ ಅನುಭವದಲ್ಲಿದೆ ಎಂಬುದನ್ನು ಮರೆಯಬಾರದು.

ಚಿಲಿ ದೇಶದ ಹೈಮೆ ಜಿಪ್ಪರ್ 1960ರ ದಶಕದ ಕೊನೆಯಲ್ಲಿ ತಾಮ್ರದ ಗುಣವನ್ನು ಕಂಡುಕೊಂಡದ್ದು, ಅಮೆರಿಕದ ಹೋವರ್ಡ್ ಟೇಟಮ್ ಅವರ ಟಿ ಆಕಾರದೊಂದಿಗೆ ಅದು ಸೇರಿದ್ದು, ಸಾಧನವು ಸಣ್ಣದೂ ಸುರಕ್ಷಿತವೂ ಆದದ್ದು, 2002ರ ಹೊತ್ತಿಗೆ 380ಎ ಭಾರತದ ಕಾರ್ಯಕ್ರಮವನ್ನು ಸೇರಿದ್ದು, ಇವೆಲ್ಲವೂ ನಿಜವಾದ ಸುಧಾರಣೆಗಳು. 1996ರಲ್ಲಿ ಸರ್ಕಾರವು ವಿಧಾನವಾರು ಗುರಿಗಳನ್ನು ಅಧಿಕೃತವಾಗಿ ಕೈಬಿಟ್ಟದ್ದೂ ದೊಡ್ಡ ಹೆಜ್ಜೆಯೇ. ಸಾಧನ ಬದಲಾಯಿತು, ನೀತಿಯ ಮಾತೂ ಬದಲಾಯಿತು. ಆದರೆ ಅಳವಡಿಕೆಯನ್ನೇ ಸಾಧನೆಯೆಂದು ಬಗೆಯುವ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ.

ಈ ಅಭ್ಯಾಸದಿಂದ ಮರೆಯಾಗುವ ಮೊದಲ ಸಂಗತಿ ರಕ್ತಸ್ರಾವ. ಕಾಪರ್-ಟಿ ಅಳವಡಿಸಿಕೊಂಡವರಲ್ಲಿ ಮುಟ್ಟಿನ ಸ್ರಾವ ಹಿಂದಿಗಿಂತ ಅರ್ಧದಷ್ಟರವರೆಗೂ ಹೆಚ್ಚಬಹುದು, ಮುಟ್ಟಿನ ದಿನಗಳು ಉದ್ದವಾಗಬಹುದು, ನಡುನಡುವೆ ಕಲೆ ಕಾಣಿಸಬಹುದು, ಕಿಬ್ಬೊಟ್ಟೆಯ ಸೆಳೆತ ಜೋರಾಗಬಹುದು. ವೈದ್ಯಕೀಯ ಪಠ್ಯಗಳು ಇದನ್ನು ಮೂರರಿಂದ ಆರು ತಿಂಗಳಲ್ಲಿ ಸಾಮಾನ್ಯವಾಗಿ ತಗ್ಗುವ ‘ಅಡ್ಡಪರಿಣಾಮ’ವೆಂದು ವರ್ಣಿಸುತ್ತವೆ, ಹೆಚ್ಚಿನವರ ಮಟ್ಟಿಗೆ ಆ ವರ್ಣನೆ ಸರಿಯೂ ಹೌದು. ಆದರೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರಕ್ಕೆ 48ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ರಕ್ತಹೀನತೆ ಇರುವವರಿಗೆ ಕಾಪರ್-ಟಿ ನಿಷಿದ್ಧವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಅಂಥವರಲ್ಲಿ ಸಾಮಾನ್ಯವಾಗಿ ಇದರ ಲಾಭವು ಅಪಾಯಕ್ಕಿಂತ ಹೆಚ್ಚೆಂದೇ ಹೇಳುತ್ತದೆ, ಏಕೆಂದರೆ ಬೇಡದ ಬಸಿರು ಮತ್ತು ಹೆರಿಗೆ ಇನ್ನೂ ಹೆಚ್ಚು ರಕ್ತವನ್ನು ಕಳೆಯಬಲ್ಲವು. ಆದರೆ ಆ ಲಾಭ ಕೈಗೂಡಬೇಕಾದರೆ ಅಳವಡಿಕೆಗೆ ಮೊದಲು ರಕ್ತದ ಪರೀಕ್ಷೆ, ನಂತರ ಕಬ್ಬಿಣಾಂಶದ ಗುಳಿಗೆ, ಸ್ರಾವ ಹೆಚ್ಚಿದಾಗ ಅದನ್ನು ತಗ್ಗಿಸುವ ಔಷಧ, ಇವು ಸಾಧನದ ಜೊತೆಗೇ ಬರಬೇಕು. ಇವಿಲ್ಲದೆ ‘ಸ್ವಲ್ಪ ದಿನ ಹೀಗೇ ಇರುತ್ತೆ, ಸರಿಹೋಗುತ್ತೆ’ ಎಂಬ ಮಾತೊಂದನ್ನೇ ಹೇಳಿ ಕಳುಹಿಸಿದರೆ ಅದು ಸಮಾಧಾನವಾಗುವುದಿಲ್ಲ, ಆಕೆಯ ಅಳಲನ್ನು ಕೇಳಿಸಿಕೊಳ್ಳಲು ಒಪ್ಪದಿರುವುದಾಗುತ್ತದೆ.

ಸ್ರಾವದ ಭಾರವನ್ನು ಮಿಲಿಲೀಟರುಗಳಲ್ಲಿ ಮಾತ್ರ ಅಳೆಯಲೂ ಆಗದು. ಶಿವಮೊಗ್ಗ-ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಪಾಳಿಯಲ್ಲಿ ದುಡಿಯುವ ಹೆಣ್ಣಿಗೆ, ಕೊಯ್ಲಿನ ಕಾಲದಲ್ಲಿ ಸರಿರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಣ್ಣಿಗೆ, ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಣ್ಣಿಗೆ, ಐದು ದಿನದ ಮುಟ್ಟು ಎಂಟು ದಿನವಾಗುವುದೆಂದರೆ ಪ್ಯಾಡು ಅಥವಾ ಬಟ್ಟೆ ಬದಲಿಸಲು ಜಾಗ ಮತ್ತು ಬಿಡುವು ಹುಡುಕುವುದು, ತಿಂಗಳ ಖರ್ಚು ಏರುವುದು, ಕೆಲವೊಮ್ಮೆ ದಿನದ ಕೂಲಿಯೇ ತಪ್ಪುವುದು. ಮುಟ್ಟಾದವಳು ದೇವರ ಕೋಣೆಗೆ, ಅಡುಗೆಮನೆಗೆ ಹೋಗಬಾರದೆಂಬ ಕಟ್ಟಳೆ ಇನ್ನೂ ಉಳಿದಿರುವ ಮನೆಗಳಲ್ಲಿ ನಡುನಡುವೆ ಕಾಣಿಸುವ ಕಲೆಯಿಂದಾಗಿ ಹೊರಗೆ ಕೂರುವ ದಿನಗಳು ಹೆಚ್ಚುತ್ತವೆ. ಮುಸ್ಲಿಂ ಹೆಂಗಸರಿಗೆ ಇಂಥ ಅನಿಯತ ಸ್ರಾವದ ನಡುವೆ ನಮಾಜು ಮಾಡಬಹುದೇ, ರಂಜಾನಿನಲ್ಲಿ ರೋಜಾ ಹಿಡಿಯಬಹುದೇ ಎಂಬ ಪ್ರಶ್ನೆ ಎದುರಾಗುತ್ತದೆ. ಈ ಕಟ್ಟಳೆಗಳನ್ನು ಒಪ್ಪುವುದು ಬಿಡುವುದು ಬೇರೆಯ ಚರ್ಚೆ. ಅವುಗಳ ನಡುವೆಯೇ ಬದುಕಬೇಕಾದವಳಿಗೆ ಆಗುವ ತೊಂದರೆ ಮಾತ್ರ ನಿಜವಾದದ್ದು, ಆಯ್ಕೆಯ ತಕ್ಕಡಿಯಲ್ಲಿ ಅದನ್ನೂ ಇಟ್ಟು ತೂಗುವ ಹಕ್ಕು ಅವಳಿಗಿದೆ. ಅಳವಡಿಕೆಯ ವೇಳೆಯ ನೋವಿನ ಬಗ್ಗೆಯೂ ಇದೇ ಮಾತನ್ನು ಹೇಳಬೇಕು. ‘ಸ್ವಲ್ಪ ಚುರುಕ್ ಅನ್ನುತ್ತೆ’ ಎಂದು ದಾಟಿಸಿಬಿಡುವ ಪರಿಪಾಠ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. 2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ನೋವಿನ ಸಾಧ್ಯತೆಯನ್ನು ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿ ಅದನ್ನು ತಗ್ಗಿಸುವ ಕ್ರಮಗಳನ್ನು ಚರ್ಚಿಸಬೇಕೆಂದು ಸೂಚಿಸಿದ್ದು, ಹೆಂಗಸರು ಬಹುಕಾಲದಿಂದ ಹೇಳುತ್ತ ಬಂದದ್ದಕ್ಕೆ ತಡವಾಗಿ ದೊರೆತ ಮನ್ನಣೆ.

ಇನ್ನು ಗಾಳಿಮಾತುಗಳ ವಿಷಯ. ಕಾಪರ್-ಟಿ ಮೇಲಕ್ಕೇರಿ ಎದೆಗೆ ಹೋಗುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ, ಮುಂದೆ ಮಕ್ಕಳಾಗುವುದಿಲ್ಲ, ಗಂಡನಿಗೆ ಚುಚ್ಚುತ್ತದೆ ಎಂಬ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಇವುಗಳಲ್ಲಿ ಮೊದಲ ಮೂರು ವೈದ್ಯಕೀಯವಾಗಿ ಸುಳ್ಳು. ಆದರೆ ಒಂದೊಂದರ ಹಿಂದೆಯೂ ಉತ್ತರ ಪಡೆಯಬೇಕಾದ ಒಂದು ಪ್ರಶ್ನೆಯಿದೆ. ಸಾಧನವು ಎದೆಗೆ ಏರುವುದಿಲ್ಲ, ನಿಜ. ಅಳವಡಿಸುವಾಗ ಸಾವಿರದಲ್ಲಿ ಸುಮಾರು ಒಬ್ಬರಿಗೆ ಅದು ಗರ್ಭಕೋಶದ ಗೋಡೆಯನ್ನು ದಾಟುವ ಸಾಧ್ಯತೆ ಇದೆಯೆಂಬುದೂ ನಿಜ, ಆ ಕಾರಣದಿಂದಲೇ ದಾರ ಕೈಗೆ ಸಿಗದಿದ್ದರೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಕಾಪರ್-ಟಿಯಿಂದ ಬಂಜೆತನ ಬರುವುದಿಲ್ಲ, ನಿಜ. ಅಳವಡಿಸುವ ವೇಳೆಗಾಗಲೇ ಸೋಂಕು ಇದ್ದರೆ ಮೊದಲ ಕೆಲವು ವಾರಗಳಲ್ಲಿ ಅದು ಉಲ್ಬಣಗೊಳ್ಳಬಹುದು, ಚಿಕಿತ್ಸೆ ಇಲ್ಲದ ಸೋಂಕು ಗರ್ಭನಾಳಗಳಿಗೆ ಹಾನಿ ಮಾಡಬಲ್ಲದು ಎಂಬುದೂ ನಿಜ, ಆ ಕಾರಣದಿಂದಲೇ ಬಿಳಿಸೆರಗು, ಕೆಳಹೊಟ್ಟೆಯ ನೋವು, ಕಾರಣ ತಿಳಿಯದ ರಕ್ತಸ್ರಾವಗಳನ್ನು ಮೊದಲು ವಿಚಾರಿಸಬೇಕಾಗುತ್ತದೆ. ದಾರವನ್ನು ತೀರಾ ಗಿಡ್ಡವಾಗಿ ಕತ್ತರಿಸಿದ್ದರೆ ಅದು ಗಂಡನಿಗೆ ತಗಲುವುದೂ ಉಂಟು; ಅದನ್ನು ಸರಿಪಡಿಸಲು ಕೆಲವು ನಿಮಿಷ ಸಾಕು. ‘ಇವೆಲ್ಲ ಮೂಢನಂಬಿಕೆ’ ಎಂಬ ಒಂದೇ ಉತ್ತರ ಕೊಡುವ ಆಪ್ತಸಮಾಲೋಚನೆಯು ಭಯದೊಳಗಿನ ಸತ್ಯಾಂಶವನ್ನೂ ಹೊರಗಿಟ್ಟುಬಿಡುತ್ತದೆ. ಆಮೇಲೆ ಅಪರೂಪದ ಆ ತೊಂದರೆ ಒಬ್ಬಳಿಗೆ ಬಂದಾಗ, ಆಸ್ಪತ್ರೆ ಹೇಳಿದ ನಿಜಗಳೂ ಸೇರಿ ಎಲ್ಲವೂ ಸುಳ್ಳೆಂದೇ ಆಕೆಯ ಬೀದಿ ತೀರ್ಮಾನಿಸುತ್ತದೆ.

ಮೂರನೆಯ ಪ್ರಶ್ನೆ ಒಪ್ಪಿಗೆಯದು. 2010ರ ನಂತರ ಹೆರಿಗೆಯಾದ ಕೂಡಲೇ ಅಥವಾ 48 ಗಂಟೆಗಳೊಳಗೆ ಕಾಪರ್-ಟಿ ಅಳವಡಿಸುವ ಪದ್ಧತಿಗೆ ದೇಶದಲ್ಲಿ ಹೆಚ್ಚು ಒತ್ತು ಬಂದಿದೆ. ಇದಕ್ಕೆ ಸಮರ್ಥ ಕಾರಣವಿದೆ: ಹೆರಿಗೆಗಳು ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತಿರುವುದರಿಂದ ಬಾಣಂತಿಯು ಮತ್ತೆ ಬರಬೇಕಾದ ತೊಡಕಿಲ್ಲದೆ ಅಂತರದ ರಕ್ಷಣೆ ಪಡೆಯುತ್ತಾಳೆ. ಶಿವಮೊಗ್ಗದ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಬೋಧನಾ ಆಸ್ಪತ್ರೆಗೆ ಜಿಲ್ಲೆಯ ಮೂಲೆಮೂಲೆಯಿಂದಲೂ ಹೆರಿಗೆಗೆ ಬರುವುದರಿಂದ ಈ ಸೇವೆಗೆ ಅಲ್ಲಿ ಸಹಜವಾದ ಸ್ಥಾನವಿದೆ. ಆದರೆ ಹೆರಿಗೆಯ ನೋವಿನ ನಡುವೆ ಕೇಳಿದ ಪ್ರಶ್ನೆಗೆ ಬಂದ ‘ಹೂಂ’ ಎಂಬ ಉತ್ತರ ಒಪ್ಪಿಗೆಯಾಗಲಾರದು; ಅತ್ತೆ ಅಥವಾ ಗಂಡ ಹಾಕಿದ ಸಹಿಯೂ ಅವಳ ಒಪ್ಪಿಗೆಯಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ, ಜೀವ ಉಳಿಸುವ ತುರ್ತು ಇಲ್ಲದಿದ್ದರೆ, ಇನ್ನೊಂದು ಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸಂತಾನದ ಬಗ್ಗೆ ನಿರ್ಧರಿಸುವುದು ಸಂವಿಧಾನದ 21ನೆಯ ವಿಧಿ ನೀಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಹೇಳಿತು. ಹೆರಿಗೆಗೆಂದು ದಾಖಲಾದದ್ದೇ ಕಾಪರ್-ಟಿಗೂ ಸಮ್ಮತಿಯೆಂದು ಭಾವಿಸಲು ಈ ತೀರ್ಪುಗಳ ನಂತರ ಅವಕಾಶವಿಲ್ಲ. ಆದ್ದರಿಂದ ಮಾತುಕತೆಯು ಬಸಿರಿನ ತಿಂಗಳುಗಳ ತಪಾಸಣೆಯಲ್ಲಿಯೇ ಆಗಬೇಕು, ‘ತಾಯಿ ಕಾರ್ಡ್’ನಲ್ಲಿ ದಾಖಲಾಗಬೇಕು, ಹೆರಿಗೆಯ ಮುನ್ನ ಮತ್ತೊಮ್ಮೆ ಖಚಿತವಾಗಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ನಡೆಯಬೇಕು. ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದ ಕುಟುಂಬಗಳಿಂದ ಬೆಳೆದ ಭದ್ರಾವತಿಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತಿನವರಿದ್ದಾರೆ. ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರಿದ್ದಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಸಾಕಾಗುವ ಕನ್ನಡವು ಗರ್ಭಕೋಶ, ಸೋಂಕು, ಅಪಾಯದ ಪ್ರಮಾಣಗಳನ್ನು ಅರಿಯಲು ಎಲ್ಲರಿಗೂ ಸಾಕಾಗುತ್ತದೆಂದು ಎಣಿಸುವುದು ತಪ್ಪು.

ಎಲ್ಲಕ್ಕಿಂತ ನಿರ್ಣಾಯಕವಾದದ್ದು ತೆಗೆಸಿಕೊಳ್ಳುವ ಪ್ರಶ್ನೆ. ಕಾಪರ್-ಟಿಯು ತಾತ್ಕಾಲಿಕವಾದದ್ದೆಂಬುದೇ ಆಪರೇಷನ್ನಿಗೂ ಅದಕ್ಕೂ ಇರುವ ವ್ಯತ್ಯಾಸ. ಆದರೆ ಗುಳಿಗೆಯನ್ನು ನುಂಗದೆ ಬಿಡಬಹುದಾದಂತೆ, ಕಾಂಡೋಮನ್ನು ಬಳಸದೆ ಬಿಡಬಹುದಾದಂತೆ, ಕಾಪರ್-ಟಿಯನ್ನು ಹೆಣ್ಣು ತಾನಾಗಿ ಬಿಡಲಾರಳು. ತೆಗೆಯಲು ಇನ್ನೊಬ್ಬರ ಕೈ ಬೇಕು, ಆ ಕೈ ಒಪ್ಪಬೇಕು. ಹೀಗಾಗಿ ಅದರ ತಾತ್ಕಾಲಿಕತೆ ಪ್ಲಾಸ್ಟಿಕ್ಕಿನಲ್ಲಿಯೂ ಇಲ್ಲ, ತಾಮ್ರದಲ್ಲಿಯೂ ಇಲ್ಲ. ಕೇಳಿದ ದಿನ ತೆಗೆದುಕೊಡುವ ಆರೋಗ್ಯ ಸಿಬ್ಬಂದಿಯ ನಡವಳಿಕೆಯಲ್ಲಿದೆ. ‘ಇನ್ನೂ ಮೂರು ತಿಂಗಳು ನೋಡು’, ‘ಗಂಡನನ್ನು ಕರೆದುಕೊಂಡು ಬಾ’, ‘ಹಾಕಿಸಿದ ಆಸ್ಪತ್ರೆಗೇ ಹೋಗು’ ಎಂಬ ಉತ್ತರ ಎದುರಾದ ಕ್ಷಣವೇ ಅವಳ ಪಾಲಿಗೆ ಆ ಸಾಧನ ತಾತ್ಕಾಲಿಕವಾಗಿ ಉಳಿಯುವುದಿಲ್ಲ. ಬಾಣಂತನದ ಪದ್ಧತಿ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ಹೆರಿಗೆಗೆ ತವರಿಗೆ ಬಂದು ಶಿವಮೊಗ್ಗದಲ್ಲಿ ಕಾಪರ್-ಟಿ ಹಾಕಿಸಿಕೊಂಡವಳು ಆರು ವಾರಗಳ ಮರುತಪಾಸಣೆಯ ಹೊತ್ತಿಗೆ ಮನೆಯಿಂದ ಹೊರಬೀಳದ ಬಾಣಂತಿಯಾಗಿರುತ್ತಾಳೆ. ತಿಂಗಳುಗಳ ನಂತರ ತೊಂದರೆ ಕಾಣಿಸಿದಾಗ ಗಂಡನ ಮನೆಯಲ್ಲಿ, ಬೇರೆ ತಾಲ್ಲೂಕಿನಲ್ಲಿ, ಬೇರೆ ಆಶಾ ಕಾರ್ಯಕರ್ತೆಯ ವ್ಯಾಪ್ತಿಯಲ್ಲಿ ಇರುತ್ತಾಳೆ. ಹೆರಿಗೆಯ ಬೆನ್ನಿಗೇ ಹಾಕಿದ ಸಾಧನವು ತಾನಾಗಿ ಹೊರಬೀಳುವ ಸಾಧ್ಯತೆ ಇತರ ವೇಳೆಗಿಂತ ಹೆಚ್ಚಾಗಿರುವುದರಿಂದ, ದಾರ ಕೆಳಗಿಳಿದು ಕತ್ತರಿಸಬೇಕಾಗುವುದೂ ಇರುವುದರಿಂದ, ಮರುತಪಾಸಣೆ ತಪ್ಪಬಾರದ ಗುಂಪು ಇದೇ, ತಪ್ಪಲು ಹೆಚ್ಚು ಕಾರಣಗಳಿರುವ ಗುಂಪೂ ಇದೇ. ಹೆರಿಗೆಯ ವೇಳೆ ಕಾಪರ್-ಟಿಗೆ ಮಹಿಳೆಯನ್ನು ಒಪ್ಪಿಸಿ ಜೊತೆಗೆ ಬಂದದ್ದಕ್ಕೆ ಆಶಾ ಕಾರ್ಯಕರ್ತೆಗೆ 150 ರೂಪಾಯಿಯ ಪ್ರೋತ್ಸಾಹಧನವನ್ನು ಕೇಂದ್ರದ ಯೋಜನೆ ನಿಗದಿ ಮಾಡಿತ್ತು. ಅವಳ ಶ್ರಮಕ್ಕೆ ಹಣ ಸಲ್ಲಬೇಕಾದ್ದು ನ್ಯಾಯವೇ. ಆದರೆ ಹಣವು ಅಳವಡಿಕೆಗೆ ಮಾತ್ರ ಅಂಟಿಕೊಂಡರೆ, ನಂತರದ ಭೇಟಿ ಮತ್ತು ತೆಗೆಸುವಿಕೆಗಳು ಯಾರ ಲೆಕ್ಕಕ್ಕೂ ಸೇರದ ಕೆಲಸವಾಗುತ್ತವೆ.

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಮೊದಲ ತಿಂಗಳ ಸ್ರಾವಕ್ಕೆ ಹೆದರಿ ಬಂದವರಿಗೆಲ್ಲ ತೆಗೆದುಕೊಟ್ಟರೆ, ಇನ್ನೆರಡು ತಿಂಗಳಲ್ಲಿ ತಾನಾಗಿ ಸರಿಹೋಗುತ್ತಿದ್ದವರೂ ರಕ್ಷಣೆ ಕಳೆದುಕೊಳ್ಳುತ್ತಾರೆ. ವರ್ಷ ತುಂಬುವುದರೊಳಗೆ ಮತ್ತೆ ಬಸಿರಾಗಿ ತಾಯಿಯ ಆರೋಗ್ಯವೂ ಮಗುವಿನ ಆರೋಗ್ಯವೂ ಕೆಡುತ್ತವೆ. ಹಾಗಾಗಿ ವೈದ್ಯರು ತಡೆಯುವುದು ಅವಳ ಹಿತಕ್ಕಾಗಿಯೇ ಎಂಬುದು ಆ ಆಕ್ಷೇಪ. ಕಾಳಜಿ ಸರಿಯಾದದ್ದೇ, ದಾರಿ ಸರಿಯಲ್ಲ. ಸ್ರಾವವು ತಗ್ಗುವ ಸಾಧ್ಯತೆಯನ್ನು ತಿಳಿಸುವುದು, ಔಷಧ ಕೊಡುವುದು, ಬೇರೆ ವಿಧಾನವನ್ನು ಸೂಚಿಸುವುದು ವೈದ್ಯರ ಕರ್ತವ್ಯ. ಇಷ್ಟಾದ ಮೇಲೂ ಅವಳು ‘ತೆಗೆಯಿರಿ’ ಎಂದರೆ ತೆಗೆಯುವುದೂ ಅಷ್ಟೇ ಕರ್ತವ್ಯ. ಬಲವಂತವಾಗಿ ಉಳಿಸಿದ ಒಂದು ಕಾಪರ್-ಟಿ ಒಬ್ಬಳ ಒಂದು ಬಸಿರನ್ನು ಮುಂದೂಡಬಹುದು, ಆದರೆ ಅವಳ ತಂಗಿ, ನಾದಿನಿ, ನೆರೆಯವರು ಅದನ್ನು ಮುಂದೆಂದೂ ಆರಿಸಿಕೊಳ್ಳದಂತೆ ಮಾಡುತ್ತದೆ; 1960ರ ದಶಕದ ಲೂಪ್ ಆಂದೋಲನದ ಕುಸಿತ ಕಲಿಸಿದ ಪಾಠ ಇದೇ. ಜನಸಂಖ್ಯಾ ಪರಿಷತ್ತಿನ ಜುಡಿತ್ ಬ್ರೂಸ್ 1990ರಲ್ಲಿ ಕುಟುಂಬ ಯೋಜನೆಯ ಗುಣಮಟ್ಟವನ್ನು ಅಳೆಯಲು ಆರು ಅಂಶಗಳನ್ನು ಮುಂದಿಟ್ಟಾಗ, ಆಯ್ಕೆ ಮತ್ತು ಮಾಹಿತಿಗಳ ಜೊತೆಗೆ ನಡವಳಿಕೆಯನ್ನೂ ನಿರಂತರ ಅನುಸರಣೆಯನ್ನೂ ಸೇರಿಸಿದ್ದು ಇದೇ ಅರಿವಿನಿಂದ. ಇನ್ನೊಂದು ಸಂಗತಿಯೂ ಇದೆ: ಕರ್ನಾಟಕದ ಒಟ್ಟು ಫಲವಂತಿಕೆ ದರ, ಎಂದರೆ ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಹೆರುವ ಮಕ್ಕಳ ಸರಾಸರಿ, 1.7ಕ್ಕೆ ಇಳಿದಿದೆ. ಜನಸಂಖ್ಯೆಯ ಸ್ಫೋಟವನ್ನು ತಡೆಯಬೇಕೆಂಬ ನೆಪದಿಂದ ಹೆಣ್ಣಿನ ಆಯ್ಕೆಯನ್ನು ಬದಿಗೊತ್ತಲು ಇಲ್ಲಿ ಹಿಂದೆಂದೂ ಸಮರ್ಥನೆ ಇರಲಿಲ್ಲ. ಈಗಂತೂ ಆ ನೆಪವೂ ಉಳಿದಿಲ್ಲ.

ಮಾಡಬೇಕಾದ ಕೆಲಸಗಳು ದೊಡ್ಡ ಖರ್ಚಿನವಲ್ಲ. ಜಿಲ್ಲಾ ಬೋಧನಾ ಆಸ್ಪತ್ರೆಯಿಂದ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯವರೆಗೆ, ನಗರ ಆರೋಗ್ಯ ಕೇಂದ್ರಗಳವರೆಗೆ, ಎಲ್ಲಿ ಹಾಕಿಸಿಕೊಂಡಿದ್ದರೂ ತೆಗೆದುಕೊಡುವ, ಗಂಡನ ಸಹಿ ಕೇಳದ, ಕಾರಣ ಹೇಳಲೇಬೇಕೆಂದು ಪಟ್ಟು ಹಿಡಿಯದ ನಿಯಮವೊಂದು ಗೋಡೆಯ ಮೇಲೆ ಕಾಣುವಂತಿರಬೇಕು. ಯಾವ ಬಗೆಯ ಸಾಧನ, ಯಾವ ದಿನ ಹಾಕಿದ್ದು, ಯಾವ ವರ್ಷದೊಳಗೆ ತೆಗೆಸಬೇಕು ಎಂಬುದನ್ನು ಬರೆದ ಚೀಟಿ ಅವಳ ಕೈಯಲ್ಲೇ ಇರಬೇಕು. ತವರಿನ ಆಶಾ ಕಾರ್ಯಕರ್ತೆಯಿಂದ ಗಂಡನ ಮನೆಯ ಊರಿನ ಕಾರ್ಯಕರ್ತೆಗೆ ಆ ಮಾಹಿತಿ ಅವಳ ಒಪ್ಪಿಗೆಯೊಂದಿಗೆ ತಲುಪಬೇಕು. ಎಷ್ಟು ಅಳವಡಿಕೆಯಾಯಿತು ಎಂಬ ತಿಂಗಳ ವರದಿಯ ಪಕ್ಕದಲ್ಲಿ ಎಷ್ಟು ಮಂದಿ ಮರುತಪಾಸಣೆಗೆ ಬಂದರು, ಎಷ್ಟು ಮಂದಿಗೆ ಸ್ರಾವಕ್ಕೆ ಚಿಕಿತ್ಸೆ ದೊರೆಯಿತು, ತೆಗೆಸಲು ಕೇಳಿದವರಲ್ಲಿ ಎಷ್ಟು ಮಂದಿಗೆ ಅದೇ ದಿನ ತೆಗೆಯಲಾಯಿತು ಎಂಬ ಅಂಕಣಗಳೂ ಇರಬೇಕು. ತೆಗೆಸುವಿಕೆಯ ಸಂಖ್ಯೆ ಹೆಚ್ಚಿದರೆ ಅದನ್ನು ಸಿಬ್ಬಂದಿಯ ವೈಫಲ್ಯವೆಂದು ಬಗೆಯಬಾರದು. ಜೊತೆಗೆ, ಕಾಂಡೋಮಿನ ಬಗ್ಗೆ, ಹಾಗೆಯೇ ಚಾಕು ಬಳಸದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪುರುಷ ಶಸ್ತ್ರಚಿಕಿತ್ಸೆಯ ಬಗ್ಗೆ ಗಂಡಂದಿರೊಡನೆ ಮಾತಾಡುವ ಕೆಲಸವೂ ಇಷ್ಟೇ ಶ್ರದ್ಧೆಯಿಂದ ನಡೆಯಬೇಕು. ಮಕ್ಕಳ ಹೊಣೆ ಇಬ್ಬರದಾದರೆ ಬಸಿರನ್ನು ತಡೆಯುವ ಹೊಣೆಯೂ ಇಬ್ಬರದು.

ಹಾಗೆ ನೋಡಿದರೆ ಕಾಪರ್-ಟಿಯನ್ನು ಹೆಚ್ಚು ಮಂದಿ ಬಳಸಬೇಕೆಂಬುದು ಇಲ್ಲಿನ ಗುರಿಯಲ್ಲ, ಕಡಿಮೆ ಮಂದಿ ಬಳಸಬೇಕೆಂಬುದೂ ಅಲ್ಲ. ಹತ್ತು ವರ್ಷ ನೆಮ್ಮದಿಯಿಂದ ಇಟ್ಟುಕೊಂಡವಳ ಅನುಭವವೂ, ಎರಡು ತಿಂಗಳಲ್ಲಿ ಸಾಕಪ್ಪಾ ಎಂದು ತೆಗೆಸಿಕೊಂಡವಳ ಅನುಭವವೂ ಸಮಾನವಾಗಿ ನಿಜ. ಮೊದಲಿನವಳನ್ನು ಜಾಣೆ, ಎರಡನೆಯವಳನ್ನು ಹೆದರುಪುಕ್ಕಲಿ ಎಂದು ವಿಂಗಡಿಸುವ ಆರೋಗ್ಯ ಸೇವೆಯು ಇಬ್ಬರ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ. ಬೇಡವೆಂದಾಗ ತೆಗೆಸಿಕೊಳ್ಳಲು ಸಾಧ್ಯವೆಂಬ ಭರವಸೆ ಇದ್ದವಳು ಮಾತ್ರ ನಿರ್ಭಯವಾಗಿ ಹಾಕಿಸಿಕೊಳ್ಳಬಲ್ಲಳು. ಆ ಭರವಸೆಯನ್ನು ಕೊಡುವ ಶಕ್ತಿ ಭಿತ್ತಿಪತ್ರಗಳಿಗೂ ಗುರಿಗಳಿಗೂ ಇಲ್ಲ. ತನ್ನ ಒಡಲಿನ ಬಗ್ಗೆ ಹೆಣ್ಣು ಹೇಳಿದ್ದನ್ನು ನಂಬಿ ಅದರಂತೆ ನಡೆದುಕೊಳ್ಳುವ ವೈದ್ಯರು, ದಾದಿಯರು ಮತ್ತು ಆಶಾ ಕಾರ್ಯಕರ್ತೆಯರು ಅದನ್ನು ದಿನದಿನವೂ ಕೊಡಬೇಕಾಗುತ್ತದೆ.